ಎಕ್ಕಿ ಹಾಲು, ಪಪ್ಪಾಯಿ ಹಾಲು: ಔಷಧಿ ಎಲ್ಲಿಂದ ಶುರುವಾಗುತ್ತದೆ?

ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಗೊತ್ತು. ನೆಲದಿಂದ ಗೇಣುದ್ದ ನಿಂತ ಕೂಳೆ ಕಾಲಿಗೆ ಚುಚ್ಚಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ಸೇಡಂ ಕಡೆಯ ಹೊಲದಲ್ಲಿ ಚಿಕ್ಕವನಿದ್ದಾಗ ನನಗೂ ಹಾಗೇ ಆಗಿತ್ತು. ಆಯಿ ಬದುವಿನ ಮೇಲಿದ್ದ ಎಕ್ಕಿ ಗಿಡದ ಎಲೆ ಮುರಿದಳು. ತೊಟ್ಟಿಕ್ಕಿದ ಬಿಳಿ ಹಾಲನ್ನು ಗಾಯದ ಮೇಲೆ ಬಿಟ್ಟಳು. "ಸುಮ್ನ ಕೂಡು, ಮುಳ್ಳು ತಾನೇ ಮ್ಯಾಲ ಬರ್ತದ" ಅಂದಳು. ಎರಡನೇ ದಿನ ಬಂತು ಕೂಡ. ಹಾಲಿನಿಂದ ಬಂತೋ, ಕೀವು ತುಂಬಿ ಬಂತೋ, ಆಗ ಕೇಳುವ ವಯಸ್ಸಲ್ಲ.

ಅದೇ ಹಾಲು ನಮ್ಮ ಓಣಿಯ ಹುಡುಗನೊಬ್ಬನ ಕಣ್ಣಿಗೂ ಸಿಡಿದಿತ್ತು. ಶನಿವಾರ ಹನುಮಪ್ಪನಿಗೆ ಎಕ್ಕಿ ಎಲೆಯ ಹಾರ ಕಟ್ಟುತ್ತ ಕೂತಿದ್ದ. ನೋವು ಅಷ್ಟೇನೂ ಆಗಲಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಹೊತ್ತಿಗೆ ಆ ಕಣ್ಣಿಗೆ ದೀಪವೆಲ್ಲ ಮಂಜು ಮಂಜಾಗಿ ಕಾಣತೊಡಗಿತು. ಸರಿಹೋಗಲು ವಾರಗಳೇ ಹಿಡಿದವು.

ಒಂದೇ ಗಿಡ, ಒಂದೇ ಹಾಲು. ಈಗ ಆ ಹಾಲಿನ ಸುದ್ದಿ ಮೊಬೈಲಿಗೆ ಬರುತ್ತಿರುತ್ತದೆ. ಎಕ್ಕಿ ಹಾಲಿನಲ್ಲಿ ಕ್ಯಾನ್ಸರಿಗೆ ಔಷಧಿ ಇದೆ, ಸಕ್ಕರೆ ಕಾಯಿಲೆಗೆ ಇದೆ, ಮೂಲವ್ಯಾಧಿಗೆ ಇದೆ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಅಂತ. ಇದರಲ್ಲಿ ಪೂರಾ ಸುಳ್ಳು ಕಡಿಮೆ. ಸಸ್ಯದ ಹಾಲಿನಲ್ಲಿರುವ ಪ್ರೋಟೀನ್‌ಗಳ ಮೇಲೆ ಪ್ರಯೋಗಾಲಯಗಳಲ್ಲಿ ಗಂಭೀರ ಕೆಲಸ ನಡೆದಿದೆ. ಆದರೆ ವಿಜ್ಞಾನಿ ಪ್ರಯೋಗ ಮಾಡಿದ್ದು ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್ ಮೇಲೆ. ಸುದ್ದಿ ಓದಿದವನು ಹಚ್ಚಿಕೊಳ್ಳುವುದು ಗಿಡದಿಂದ ನೇರ ಸುರಿದ ಹಾಲು. ಇವೆರಡರ ನಡುವೆ ಬಹಳ ದೂರ ಇದೆ.

ಮೊದಲು ಈ ಹಾಲು ಏನು ಅಂತ ನೋಡೋಣ. ಹೂ ಬಿಡುವ ಗಿಡಗಳಲ್ಲಿ 20,000ಕ್ಕೂ ಹೆಚ್ಚು ಜಾತಿಗಳಿಗೆ ಇಂಥ ಹಾಲಿದೆ. ನಮ್ಮ ಸುತ್ತಲೇ ಎಣಿಸಿ. ರಸ್ತೆ ಬದಿಯ ಎಕ್ಕಿ, ಬೇಲಿಯ ಕಳ್ಳಿ, ಹಿತ್ತಲ ಪಪ್ಪಾಯಿ, ತೋಟದ ಅಂಜೂರ. ಬೀದರ್ ಕೋಟೆಯ ಗೋಡೆ ಸೀಳಿಕೊಂಡು ಬೆಳೆಯುವ ಆಲ, ಅರಳಿ. ಹಾಳು ಬಿದ್ದ ಮನೆಯಲ್ಲಿ ಮೊದಲು ಹುಟ್ಟುವುದೇ ಎಕ್ಕ. 'ನಿನ್ನ ಮನೆ ಎಕ್ಕ ಹುಟ್ಟ' ಅನ್ನುವ ಬೈಗುಳ ಬಂದಿದ್ದು ಅಲ್ಲಿಂದಲೇ.

ಈ ಹಾಲು ಗಿಡದ ಆಹಾರ ಸಾಗಿಸುವ ರಸವಲ್ಲ. ಅದಕ್ಕೆ ಬೇರೆ ನಾಳಗಳಿವೆ. ಹಾಲಿನ ನಾಳಗಳೇ ಪ್ರತ್ಯೇಕ. ಒಳಗೆ ಒತ್ತಡ ಇರುತ್ತದೆ. ಎಲೆ ಹರಿದ ಕೂಡಲೇ ಹಾಲು ಹೊರಗೆ ಚಿಮ್ಮುವುದು ಅದಕ್ಕೇ. ಎಲೆ ಕಚ್ಚಿದ ಹುಳುವಿನ ಬಾಯಿಗೆ ಅದು ಅಂಟು, ಹೊಟ್ಟೆಗೆ ವಿಷ. ಗಾಳಿ ತಾಕಿದಾಗ ಹೆಪ್ಪುಗಟ್ಟಿ ಗಿಡದ ಗಾಯವನ್ನೂ ಮುಚ್ಚುತ್ತದೆ. ಅಂದರೆ ಹಾಲು ಗಿಡದ ಕಾವಲುಗಾರ. ಅದರಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ: ರಬ್ಬರಿನಂಥ ಅಂಟು ಕಣಗಳು, ಸಣ್ಣ ಅಣುಗಳ ವಿಷಗಳು, ಮತ್ತು ಪ್ರೋಟೀನ್‌ಗಳು. ಮುಂದೆ ಹೇಳುವುದೆಲ್ಲ ಈ ಎರಡನೆಯದನ್ನೂ ಮೂರನೆಯದನ್ನೂ ಬಿಡಿಸಿಕೊಳ್ಳುವ ಕಥೆಯೇ.

2004ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಪಪ್ಪಾಯಿ ಎಲೆ ತಿಂದ ಎರಿ ರೇಷ್ಮೆ ಹುಳುಗಳು ಸತ್ತವು. ಎಲೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಹಾಲು ತೊಳೆದು ಕೊಟ್ಟಾಗ ಹುಳುಗಳು ಬದುಕಿ ಬೆಳೆದವು. ಇಷ್ಟಕ್ಕೇ ನಿಂತಿದ್ದರೆ 'ಹಾಲು ಕೆಟ್ಟದ್ದು' ಅಂತ ಮಾತ್ರ ತಿಳಿಯುತ್ತಿತ್ತು. ಅವರು ಇನ್ನೊಂದು ಹೆಜ್ಜೆ ಹೋದರು. ಹಾಲು ತೊಳೆಯದ ಎಲೆಗೆ ಒಂದು ರಾಸಾಯನಿಕ ಸವರಿದರು. ಅದು ಪಪ್ಪಾಯಿ ಹಾಲಿನ ಒಂದು ಜಾತಿಯ ಪ್ರೋಟೀನನ್ನು ಮಾತ್ರ ಕಟ್ಟಿಹಾಕುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಆ ಎಲೆ ತಿಂದ ಹುಳುಗಳಿಗೂ ಏನೂ ಆಗಲಿಲ್ಲ. ಅಂದರೆ ಕೊಲ್ಲುತ್ತಿದ್ದದ್ದು ಆ ಪ್ರೋಟೀನೇ. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಆ ಪ್ರೋಟೀನಿನ ಹೆಸರು ಪಪೈನ್. ಕಲಬುರಗಿ, ಬೀದರ್‌ನ ಅಡುಗೆಮನೆಗಳಿಗೆ ಇದು ಹಳೆಯ ಪರಿಚಯ, ಹೆಸರು ಮಾತ್ರ ಗೊತ್ತಿಲ್ಲ. ಕಬಾಬಿನ ಮಾಂಸಕ್ಕೆ ಕಾಯಿ ಪಪ್ಪಾಯಿ ಅರೆದು ಸವರಿ ಇಡುವುದು ಯಾಕೆ? ಮಾಂಸದ ನಾರು ಪ್ರೋಟೀನಿನ ಉದ್ದನೆಯ ಸರಪಳಿ. ಪಪೈನ್ ಆ ಸರಪಳಿಯನ್ನು ಕತ್ತರಿಸುವ ಕಿಣ್ವ. ಅದು 60ರಿಂದ 70 ಡಿಗ್ರಿ ಶಾಖದಲ್ಲಿ ಜೋರಾಗಿ ಕೆಲಸ ಮಾಡುತ್ತದೆ. ಹಾಗಾಗಿ ಕೆಂಡದ ಮೇಲೆ ಮಾಂಸ ಬಿಸಿಯಾಗುತ್ತಿರುವಾಗಲೂ ಅದರ ಕೆಲಸ ನಡೆದೇ ಇರುತ್ತದೆ. ಶಾಖ ಇನ್ನೂ ಏರಿದಾಗ ಕಿಣ್ವವೇ ಬೆಂದು ಸುಮ್ಮನಾಗುತ್ತದೆ. ಜಾಸ್ತಿ ಹೊತ್ತು ಸವರಿಟ್ಟರೆ ಮಾಂಸ ಮುದ್ದೆಯಾಗುತ್ತದೆ ಅನ್ನುವುದೂ ಕಬಾಬ್ ಮಾಡುವವರಿಗೆ ಗೊತ್ತು.

ಪಪೈನ್ ಅನ್ನುವ ಹೆಸರು ಬಂದಿದ್ದು 1879ರಲ್ಲಿ. ಅದರ ಪೂರ್ತಿ ಆಕಾರ ತಿಳಿದಿದ್ದು 1968ರಲ್ಲಿ. ಪ್ರೋಟೀನ್ ಸರಪಳಿಯ ಕೊಂಡಿಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ. ಪಪೈನ್ 212 ಅಮೈನೋ ಆಮ್ಲಗಳ ಒಂದು ಸರ, ಎರಡು ಉಂಡೆಗಳ ಹಾಗೆ ಮಡಚಿಕೊಂಡಿದೆ. ನಡುವೆ ಒಂದು ಸೀಳು. ಕತ್ತರಿಯ ಅಲಗು ಆ ಸೀಳಿನಲ್ಲಿದೆ. ಅಲಗಿನ ಮುಖ್ಯ ಭಾಗ ಸಿಸ್ಟೀನ್ ಎಂಬ ಗಂಧಕ ಇರುವ ಅಮೈನೋ ಆಮ್ಲ. ಆದ್ದರಿಂದ ಈ ಜಾತಿಯ ಕಿಣ್ವಗಳನ್ನು ಸಿಸ್ಟೀನ್ ಪ್ರೋಟಿಯೇಸ್ ಅನ್ನುತ್ತಾರೆ. ಅಂಜೂರದ ಹಾಲಿನ ಫಿಸಿನ್, ಎಕ್ಕಿ ಹಾಲಿನ ಹಲವು ಕಿಣ್ವಗಳು ಇದೇ ಮನೆತನದವು.

ವೈದ್ಯಕೀಯಕ್ಕೆ ಪಪೈನ್ ಕೊಟ್ಟ ದೊಡ್ಡ ಉಪಕಾರ ಮಾತ್ರೆಯ ರೂಪದಲ್ಲಿ ಬಂದದ್ದಲ್ಲ ಅಂತ ನನಗೆ ಅನಿಸುತ್ತದೆ. ಬ್ರಿಟನ್ನಿನ ರಾಡ್ನಿ ಪೋರ್ಟರ್ 1950ರ ದಶಕದ ಕೊನೆಯಲ್ಲಿ ರೋಗಾಣುಗಳ ವಿರುದ್ಧ ದೇಹ ತಯಾರಿಸುವ ರಕ್ತದ ಪ್ರೋಟೀನುಗಳಾದ ಪ್ರತಿಕಾಯಗಳನ್ನು ಪಪೈನ್‌ನಿಂದ ತುಂಡು ಮಾಡಿದರು. ಕಿಣ್ವ ಸಿಕ್ಕಸಿಕ್ಕಲ್ಲಿ ಕತ್ತರಿಸಲಿಲ್ಲ. ಮೂರು ಅಚ್ಚುಕಟ್ಟಾದ ತುಂಡುಗಳು ಬಂದವು. ಅದರಲ್ಲಿ ಎರಡು ರೋಗಾಣುವನ್ನು ಹಿಡಿಯುವ ಕೈಗಳು. ಪ್ರತಿಕಾಯದ ರಚನೆ ಬಿಡಿಸಿದ ಈ ಕೆಲಸಕ್ಕೆ 1972ರಲ್ಲಿ ನೊಬೆಲ್ ಬಂತು. ಇವತ್ತಿಗೂ ರಕ್ತ ಹೊಂದಾಣಿಕೆಯ ಕಷ್ಟದ ಪರೀಕ್ಷೆಗಳಲ್ಲಿ ಕೆಂಪು ಕಣಗಳಿಗೆ ಪಪೈನ್ ಅಥವಾ ಫಿಸಿನ್ ಹಾಕುತ್ತಾರೆ. ಕಣದ ಮೇಲಿನ ಕೆಲವು ಪ್ರೋಟೀನ್‌ಗಳು ಕತ್ತರಿಸಿ ಹೋಗಿ, ಕೆಲವು ಗುರುತುಗಳು ಸ್ಪಷ್ಟವಾಗುತ್ತವೆ. ಪಪ್ಪಾಯಿ ಮತ್ತು ಅಂಜೂರದ ಹಾಲು ಹೀಗೆ ರಕ್ತ ಪರೀಕ್ಷೆಯ ಪ್ರಯೋಗಾಲಯದೊಳಗೆ ಸದ್ದಿಲ್ಲದೆ ಕೂತಿವೆ.

ರೋಗಿಯ ಮೈಮೇಲೆ ಬಂದಾಗ ಕಥೆ ತೊಡಕಾಗುತ್ತದೆ.

ಹಳೆಯ ಹುಣ್ಣು, ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಇವುಗಳ ಮೇಲೆ ಸತ್ತ ಚರ್ಮ ಕಟ್ಟಿಕೊಳ್ಳುತ್ತದೆ. ಅದು ಹೋಗದೆ ಹೊಸ ಚರ್ಮ ಬರುವುದಿಲ್ಲ. ಸತ್ತ ಪ್ರೋಟೀನನ್ನು ಕತ್ತರಿಸಲು ಪಪೈನ್ ಒಳ್ಳೆಯ ಕತ್ತರಿಯೇ. ಹಾಗಾಗಿ ಪಪೈನ್ ಮತ್ತು ಯೂರಿಯಾ ಬೆರೆಸಿದ ಮುಲಾಮುಗಳು ದಶಕಗಳ ಕಾಲ ಬಳಕೆಯಲ್ಲಿದ್ದವು. ಅಮೆರಿಕದಲ್ಲಿ ಇವು ಸರಿಯಾದ ಅನುಮತಿಯೇ ಇಲ್ಲದೆ ಹಳೇ ರೂಢಿಯಿಂದ ಮಾರಾಟವಾಗುತ್ತಿದ್ದವು. 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಾಯಕ್ಕೆ ಹಚ್ಚುವ ಅನುಮತಿ ಇಲ್ಲದ ಪಪೈನ್ ಔಷಧಿಗಳನ್ನು ನಿಲ್ಲಿಸಲು ಹೇಳಿತು. ಕಾರಣ ಅಲರ್ಜಿ. ಕೆಲವರಿಗೆ ಮುಲಾಮು ಹಚ್ಚಿದ ಮೇಲೆ ರಕ್ತದೊತ್ತಡ ಕುಸಿದು, ಎದೆಬಡಿತ ಏರಿದ ವರದಿಗಳಿದ್ದವು.

ಇದಕ್ಕಿಂತ ದೊಡ್ಡ ಪಾಠ ಕೈಮೋಪಪೈನ್‌ದು. ಇದೂ ಪಪ್ಪಾಯಿ ಹಾಲಿನ ಕಿಣ್ವವೇ, ಪಪೈನ್‌ನ ಸೋದರ. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಹೊರಗೆ ಜಾರಿ ನರ ಒತ್ತಿದರೆ ಸೊಂಟದಿಂದ ಕಾಲಿನವರೆಗೂ ಜೀವ ಹೋಗುವಂಥ ನೋವು. ಡಿಸ್ಕಿನ ನಡುವಿನ ಮೆದು ಭಾಗವನ್ನು ಈ ಕಿಣ್ವ ಕರಗಿಸಬಹುದು ಅಂತ ಅಮೆರಿಕದ ಮೂಳೆ ವೈದ್ಯ ಲೈಮನ್ ಸ್ಮಿತ್‌ಗೆ ಹೊಳೆಯಿತು. 1960ರ ದಶಕದಲ್ಲಿ ರೋಗಿಗಳಿಗೆ ಸೂಜಿಯಿಂದ ನೇರ ಡಿಸ್ಕಿನೊಳಗೆ ಕೊಟ್ಟರು. ಚಾಕು ಹಿಡಿಯದೆ ಚಿಕಿತ್ಸೆ. ಹಲವರಿಗೆ ನೋವು ಹೋಯಿತು. ಇಪ್ಪತ್ತು ವರ್ಷ ವಾದ ವಿವಾದ, ಪರೀಕ್ಷೆ ಎಲ್ಲ ಆಗಿ 1982ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಸಸ್ಯದ ಹಾಲಿನ ಪ್ರೋಟೀನೊಂದು ಪೂರ್ತಿ ಔಷಧಿಯಾಗಿ ಬಾಗಿಲು ದಾಟಿದ ಅಪರೂಪದ ಘಟನೆ ಇದು.

ಆಮೇಲೆ? ಕೆಲವರಿಗೆ ಸೂಜಿ ಕೊಟ್ಟ ಕೂಡಲೇ ಜೀವಕ್ಕೇ ಅಪಾಯವಾಗುವಂಥ ಅಲರ್ಜಿ. ಇನ್ನು ಕೆಲವರಿಗೆ, ಅಪರೂಪಕ್ಕೆ, ಬೆನ್ನುಹುರಿಗೆ ಪೆಟ್ಟು, ಕಾಲಿನ ಶಕ್ತಿ ಹೋಗುವುದು. ಸೂಜಿ ಸ್ವಲ್ಪ ಆಚೀಚೆ ಆಗಿ ಕಿಣ್ವ ತಪ್ಪು ಜಾಗಕ್ಕೆ ಬಿದ್ದರೆ ಅದು ಅಲ್ಲಿಯ ಪ್ರೋಟೀನನ್ನೂ ಕತ್ತರಿಸುತ್ತದೆ. ಅದಕ್ಕೇನು ಗೊತ್ತು ಡಿಸ್ಕ್ ಯಾವುದು, ರಕ್ತನಾಳ ಯಾವುದು ಅಂತ? ವೈದ್ಯರು ನಿಧಾನಕ್ಕೆ ದೂರ ಸರಿದರು. 2003ರಲ್ಲಿ ಅಮೆರಿಕದಲ್ಲಿ ಮಾರಾಟವೇ ನಿಂತಿತು. ವಿಚಿತ್ರ ಅಂದರೆ, ಔಷಧಿ ಕೆಲಸ ಮಾಡುತ್ತಿರಲಿಲ್ಲ ಅಂತ ಅದು ಹೋಗಲಿಲ್ಲ. ಅನೇಕರಿಗೆ ಕೆಲಸ ಮಾಡಿತ್ತು.

ಅಲರ್ಜಿ ಇಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೆ. ಪ್ಯಾರಾಸಿಟಮಾಲ್‌ನಂಥ ಔಷಧಿ ಪುಟ್ಟ ಅಣು. ನಮ್ಮ ದೇಹದ ಕಾವಲು ಪಡೆ ಸಾಮಾನ್ಯವಾಗಿ ಅದನ್ನು ಗಮನಿಸುವುದೇ ಇಲ್ಲ. ಪಪೈನ್‌ನಂಥ ಪ್ರೋಟೀನ್ ಅದರ ನೂರೈವತ್ತು ಪಟ್ಟು ತೂಕದ್ದು. ಪರಕೀಯ ಅಂತ ಮುಖದ ಮೇಲೇ ಬರೆದುಕೊಂಡಿರುತ್ತದೆ. ಒಮ್ಮೆ ಕಂಡ ಮುಖವನ್ನು ದೇಹ ಮರೆಯುವುದಿಲ್ಲ. ಪಪೈನ್ ಪುಡಿ ಮಾಡುವ ಕಾರ್ಖಾನೆಗಳಲ್ಲಿ ದೂಳು ಉಸಿರಾಡಿದ ಕೆಲಸಗಾರರಿಗೆ ಅಸ್ತಮಾ ಬಂದಿರುವುದು ಹಳೆಯ ವಿಷಯ.

ರಬ್ಬರ್ ಮರದ ಹಾಲಿನಲ್ಲಿ ಇದರ ಇನ್ನೊಂದು ಮುಖ ಇದೆ. ಅದರಲ್ಲಿ ಹೆವೀನ್ ಎಂಬ ಪುಟ್ಟ ಪ್ರೋಟೀನ್ ಇದೆ, ಬರೀ 43 ಅಮೈನೋ ಆಮ್ಲಗಳದ್ದು. ಶಿಲೀಂಧ್ರಗಳ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟಿಕೊಂಡು ಅವುಗಳ ಬೆಳವಣಿಗೆ ತಡೆಯುತ್ತದೆ. ಕೇಳಲು ಒಳ್ಳೆಯ ಔಷಧಿಯ ಸುದ್ದಿಯೇ. ಆದರೆ ರಬ್ಬರ್ ಕೈಗವಸು ಹಾಕಿಕೊಳ್ಳುವ ವೈದ್ಯರು, ನರ್ಸ್‌ಗಳನ್ನು 1980ರ ದಶಕದ ಕೊನೆಯಿಂದ ಕಾಡಿದ ಲ್ಯಾಟೆಕ್ಸ್ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಇದೇ ಹೆವೀನ್ ಕೂಡ ಒಂದು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು ತಿಂದರೂ ಬಾಯಿ ತುರಿಸುತ್ತದೆ. ಆ ಹಣ್ಣುಗಳಲ್ಲಿ ಹೋಲುವ ಪ್ರೋಟೀನ್‌ಗಳಿವೆ.

ಹಾಗಾದರೆ ಈ ದಾರಿ ಮುಚ್ಚಿದಂತೆಯೇ? ಇಲ್ಲ. ಪಪೈನ್ ಮನೆತನದ್ದೇ ಇನ್ನೊಂದು ಕಿಣ್ವಗಳ ಗುಂಪು ಬ್ರೊಮೆಲೈನ್. ಇದು ಹಾಲಿನಿಂದ ಬರುವುದಲ್ಲ, ಅನಾನಸ್ ಗಿಡದ ಕಾಂಡದಿಂದ ಬರುತ್ತದೆ. ಇದರಿಂದ ಮಾಡಿದ ನೆಕ್ಸೊಬ್ರಿಡ್ ಎಂಬ ಔಷಧಿ ಆಳವಾಗಿ ಸುಟ್ಟ ಗಾಯದ ಸತ್ತ ಚರ್ಮ ತೆಗೆಯಲು ಬಳಕೆಯಲ್ಲಿದೆ. ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ಪಪೈನ್ ಮುಲಾಮು ಹೊರಹೋದ ಬಾಗಿಲಿನಿಂದಲೇ ಅದರ ದಾಯಾದಿ ಒಳಬಂದಿದೆ. ವ್ಯತ್ಯಾಸ ಎಲ್ಲಿ? ಇದನ್ನು ಆಸ್ಪತ್ರೆಯಲ್ಲಿ ಮಾತ್ರ, ಲೆಕ್ಕ ಹಾಕಿದ ಪ್ರಮಾಣದಲ್ಲಿ, ನಾಲ್ಕು ಗಂಟೆ ಇಟ್ಟು ತೆಗೆಯುತ್ತಾರೆ. ಸುಟ್ಟ ಗಾಯದ ರೋಗಿಗಳ ಮೇಲೆಯೇ ಪರೀಕ್ಷೆ ಮಾಡಿ, ಅಂಕಿಗಳನ್ನು ಮುಂದಿಟ್ಟು ಒಪ್ಪಿಗೆ ಪಡೆದದ್ದು. ಅಲರ್ಜಿಯ ಎಚ್ಚರಿಕೆ ಇದರ ಮೇಲೂ ಇದೆ.

ಈಗ ನಮ್ಮ ಎಕ್ಕಿಗೆ ಬರೋಣ. ಎಕ್ಕಿಯಲ್ಲಿ ನಾವು ಕಾಣುವ ಜಾತಿಗಳು ಎರಡು, ಕ್ಯಾಲೊಟ್ರೋಪಿಸ್ ಜೈಗಾಂಟಿಯಾ ಮತ್ತು ಕ್ಯಾಲೊಟ್ರೋಪಿಸ್ ಪ್ರೊಸೆರಾ.

ಮೈಸೂರು ವಿಶ್ವವಿದ್ಯಾಲಯದ ತಂಡವೊಂದು 2005ರಲ್ಲಿ ಜೈಗಾಂಟಿಯಾ ಹಾಲಿನ ಬಗ್ಗೆ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ಕೊಯ್ದ ಗಾಯಕ್ಕೆ ಎಕ್ಕಿ ಹಾಲು ಬಿಟ್ಟರೆ ರಕ್ತ ನಿಲ್ಲುತ್ತದೆ ಅನ್ನುವ ನಂಬಿಕೆ ಇದೆ ಅಲ್ವಾ? ಅವರು ಅದನ್ನೇ ಹಿಡಿದರು. ನಮ್ಮ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಕರಗಿಕೊಂಡಿರುತ್ತದೆ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಅದರ ತುದಿಗಳನ್ನು ಕತ್ತರಿಸುತ್ತದೆ. ತುದಿ ಹೋದ ತುಂಡುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಅದೇ ಹೆಪ್ಪು. ಎಕ್ಕಿ ಹಾಲಿನ ಪ್ರೋಟೀನ್‌ಗಳು ರಕ್ತದ ಪ್ಲಾಸ್ಮಾವನ್ನು ಬೇಗ ಹೆಪ್ಪುಗಟ್ಟಿಸಿದವು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕತ್ತರಿಸುತ್ತಲೇ ಹೋಗಿ, ತಾವೇ ಕಟ್ಟಿಸಿದ ಬಲೆಯನ್ನೂ ಕರಗಿಸಿದವು.

ಮೊದಲು ಕಟ್ಟುತ್ತದೆ, ಆಮೇಲೆ ಬಿಚ್ಚುತ್ತದೆ. ಗಾಯ ವಾಸಿಯಾಗುವಾಗ ನಮ್ಮ ದೇಹವೂ ಮಾಡುವುದು ಈ ಎರಡೂ ಕೆಲಸವನ್ನೇ, ಈ ಕ್ರಮದಲ್ಲೇ. ಆದರೆ ದೇಹ ನಡುವೆ ದಿನಗಳ ಬಿಡುವು ಕೊಡುತ್ತದೆ. ಕಿಣ್ವಕ್ಕೆ ಆ ತಾಳ್ಮೆ ಇಲ್ಲ. ಸಣ್ಣ ಗಾಯಕ್ಕೆ ಒಂದು ಹನಿಯಲ್ಲಿ ರಕ್ತ ನಿಂತಂತೆ ಕಂಡರೆ ನಂಬುವ ಮಾತು. ದೊಡ್ಡ ಗಾಯಕ್ಕೆ ಸುರಿದರೆ ಕಟ್ಟಿದ ಹೆಪ್ಪೇ ಕರಗಬಹುದು. ಹಿರಿಯರ ಅನುಭವವೂ ಸುಳ್ಳಲ್ಲ, ವೈದ್ಯರ ಭಯವೂ ಸುಳ್ಳಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ವಿಶ್ವವಿದ್ಯಾಲಯದವರು 2009ರಲ್ಲಿ ಎಕ್ಕಿಯ ಸಂಬಂಧಿಯಾದ ಅಸ್ಕ್ಲೆಪಿಯಾಸ್ ಕುರಾಸಾವಿಕಾ ಎಂಬ ಗಿಡದ ಹಾಲಿನಲ್ಲೂ ಥ್ರಾಂಬಿನ್‌ನಂಥ ಗುಣವನ್ನು ತೋರಿಸಿದರು.

ಪ್ರೊಸೆರಾ ಜಾತಿಯ ಹಾಲಿನಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಪ್ರೊಸೆರೈನ್ ಎಂಬ ಕಿಣ್ವವನ್ನು ಶುದ್ಧ ಮಾಡಿ 2003ರಲ್ಲಿ ವರದಿ ಮಾಡಿದರು. ಬಿಸಿ, ಹುಳಿ, ಕ್ಷಾರ ಎಲ್ಲದಕ್ಕೂ ಅದು ಸಾಕಷ್ಟು ತಡೆದುಕೊಳ್ಳುತ್ತದೆ. ನಮ್ಮ ಬಿಸಿಲಿನಲ್ಲಿ ಬೆಳೆಯುವ ಗಿಡಕ್ಕೆ ತಕ್ಕ ಕಿಣ್ವ.

ಆದರೆ ಪ್ರೊಸೆರಾ ಹಾಲಿನ ಪ್ರೋಟೀನ್ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ್ದು ಬ್ರೆಜಿಲ್‌ನವರು. ಫೋರ್ಟಲೆಜಾ ಊರಿನ ಸಿಯಾರಾ ಫೆಡರಲ್ ವಿಶ್ವವಿದ್ಯಾಲಯ. ಸಿಯಾರಾ ಕೂಡ ಬರದ ನಾಡು, ನಮ್ಮ ಹಾಗೆಯೇ. ಎಕ್ಕಿ ಅಲ್ಲಿನ ಮೂಲದ ಗಿಡವಲ್ಲ. ಏಷ್ಯಾ, ಆಫ್ರಿಕಾದಿಂದ ಹೋಗಿ ಅಲ್ಲಿ ಕಳೆಯಾಗಿ ಹಬ್ಬಿತು. ನಾವು ಬದುವಿನಲ್ಲಿ ಬಿಟ್ಟದ್ದನ್ನು ಅವರು ಪ್ರಯೋಗಾಲಯಕ್ಕೆ ಹೊತ್ತೊಯ್ದರು.

ಅವರ ವಿಧಾನ ನೋಡಬೇಕು. ಹಾಲನ್ನು ನೀರಿನಲ್ಲಿ ಸಂಗ್ರಹಿಸುತ್ತಾರೆ. ಯಂತ್ರದಲ್ಲಿ ಜೋರಾಗಿ ತಿರುಗಿಸಿ ರಬ್ಬರನ್ನು ಬೇರೆ ಮಾಡುತ್ತಾರೆ. ಉಳಿದ ತಿಳಿಯನ್ನು ಸೂಕ್ಷ್ಮ ರಂಧ್ರದ ಚೀಲದಲ್ಲಿ ತುಂಬಿ ನೀರಿನಲ್ಲಿ ಇಳಿಬಿಡುತ್ತಾರೆ. ಸಣ್ಣ ಅಣುಗಳು ರಂಧ್ರದಿಂದ ನೀರಿಗೆ ಹೋಗುತ್ತವೆ. ಪ್ರೋಟೀನ್‌ಗಳು ದಪ್ಪ, ಚೀಲದಲ್ಲೇ ಉಳಿಯುತ್ತವೆ. ನೀರು ಬದಲಿಸುತ್ತ ಹೋದರೆ ಕೊನೆಗೆ ಚೀಲದಲ್ಲಿ ಪ್ರೋಟೀನ್ ಮಾತ್ರ. ಈ ಪ್ರೋಟೀನ್ ಗುಂಪನ್ನು ಇಲಿಗಳ ರಕ್ತನಾಳಕ್ಕೆ ಕೊಟ್ಟಾಗ ಪಾದದ ಬಾವು ಕಡಿಮೆಯಾಯಿತು. ಕ್ಯಾನ್ಸರ್ ಔಷಧಿಯಿಂದ ಬಾಯಿ ಹುಣ್ಣಾದ ಹ್ಯಾಮ್‌ಸ್ಟರ್‌ಗಳಲ್ಲಿ ಹುಣ್ಣು ತಗ್ಗಿತು. ಇದೇ ಹಾಲಿನಲ್ಲಿ ಆಸ್ಮೋಟಿನ್ ಎಂಬ ಪ್ರೋಟೀನ್ ಕೂಡ ಅವರಿಗೆ ಸಿಕ್ಕಿತು. ಅದು ಶಿಲೀಂಧ್ರದ ಬೆಳವಣಿಗೆ ತಡೆಯುತ್ತದೆ.

ದೆಹಲಿಯ ಏಮ್ಸ್‌ನಲ್ಲಿ ಇದಕ್ಕೆ ಉಲ್ಟಾ ಕೆಲಸವೂ ನಡೆದಿದೆ. ಅಲ್ಲಿನ ಸಂಶೋಧಕರು ಒಣಗಿಸಿದ ಎಕ್ಕಿ ಹಾಲನ್ನು ಇಲಿಯ ಪಾದಕ್ಕೆ ಚುಚ್ಚಿ ಬಾವು ಬರಿಸಿದರು. ಬೇರೆ ಔಷಧಿಗಳ ಶಕ್ತಿ ಪರೀಕ್ಷಿಸಲು ಬೇಕಾದ ಬಾವು ಅದು. ಒಂದು ಕಡೆ ಬಾವು ಇಳಿಸುವ ಪ್ರೋಟೀನ್, ಇನ್ನೊಂದು ಕಡೆ ಬಾವು ತರಿಸುವ ಹಾಲು. ಎರಡೂ ಒಂದೇ ಗಿಡದ್ದು. ಏನು ಕೊಟ್ಟರು, ಎಲ್ಲಿಗೆ ಕೊಟ್ಟರು ಅನ್ನುವುದರ ಮೇಲೆ ಫಲ ತಲೆಕೆಳಗಾಗುತ್ತದೆ. 'ಎಕ್ಕಿ ಹಾಲು ಬಾವಿಗೆ ಒಳ್ಳೆಯದು' ಅನ್ನುವ ಒಂದು ಸಾಲಿನ ಸುದ್ದಿಗೆ ಈ ವಿವರ ಹಿಡಿಸುವುದಿಲ್ಲ.

ಚೀಲದಿಂದ ನೀರಿಗೆ ಹೋದವು ಅಂದೆನಲ್ಲ, ಆ ಸಣ್ಣ ಅಣುಗಳು ಯಾವುವು? ಎಕ್ಕಿಯಲ್ಲಿ ಅವು ಬಹುಪಾಲು ಹೃದಯದ ಮೇಲೆ ಕೆಲಸ ಮಾಡುವ ಗ್ಲೈಕೋಸೈಡ್‌ಗಳು. ಕ್ಯಾಲೊಟ್ರೋಪಿನ್, ಉಸ್ಚಾರಿನ್ ಅಂತ ಹೆಸರು. ಹೃದಯದ ಬಡಿತ ಏರುಪೇರು ಮಾಡುವ ವಿಷ. ಪೂರಾ ಹಾಲು ಕುಡಿದವನು ಪ್ರೋಟೀನಿನ ಜೊತೆ ಇದನ್ನೂ ಕುಡಿಯುತ್ತಾನೆ. ಇನ್ನೂ ಒಂದು ತಮಾಷೆ, ಕುಡಿದ ಪ್ರೋಟೀನನ್ನು ಹೊಟ್ಟೆ ಬೇಳೆಯ ಪ್ರೋಟೀನಿನ ಹಾಗೆ ಬಹುಮಟ್ಟಿಗೆ ಅರಗಿಸಿಬಿಡುತ್ತದೆ. ವಿಷ ಮಾತ್ರ ರಕ್ತಕ್ಕೆ ಸೇರುತ್ತದೆ. ಒಳ್ಳೆಯದು ಹೊಟ್ಟೆಯಲ್ಲೇ ಹೋಯಿತು, ಕೆಟ್ಟದ್ದು ಎದೆಗೆ ಹೋಯಿತು. ಆಯುರ್ವೇದ ಕೂಡ ಎಕ್ಕವನ್ನು ಉಪವಿಷಗಳ ಪಟ್ಟಿಯಲ್ಲೇ ಇಟ್ಟಿದೆ. ಶೋಧನೆ, ಅಂದರೆ ವಿಷ ಕಳೆಯುವ ಸಂಸ್ಕಾರ, ಮಾಡದೆ ಬಳಸಬಾರದು ಅಂತ ಹಳಬರೇ ಹೇಳಿದ್ದಾರೆ. ಮೊಬೈಲಿನ ವೈದ್ಯರು ಆ ಸಾಲನ್ನು ಬಿಟ್ಟು ಉಳಿದದ್ದನ್ನು ಕಳಿಸುತ್ತಾರೆ.

ಕಣ್ಣಿನ ವಿಷಯವೂ ಹೀಗೇ. ಎಕ್ಕಿ ಹಾಲು ಕಣ್ಣಿಗೆ ಬಿದ್ದರೆ ನೋವು ಅಷ್ಟಾಗಿ ಇಲ್ಲದೆ ದೃಷ್ಟಿ ಮಂಜಾಗುವುದು ಭಾರತದ ಕಣ್ಣಿನ ವೈದ್ಯರು ಹಲವು ಸಲ ವರದಿ ಮಾಡಿರುವ ಸಂಗತಿ. ಹಾಲು ಕಾರ್ನಿಯಾ ಪೊರೆಯ ಒಳಪದರಕ್ಕೆ ಇಳಿಯುತ್ತದೆ. ನೀರನ್ನು ಹೊರಗೆ ಪಂಪ್ ಮಾಡಿ ಪೊರೆಯನ್ನು ತಿಳಿಯಾಗಿಡುವ ಜೀವಕೋಶಗಳು ಅಲ್ಲಿವೆ. ಅವು ಕೈಕೊಟ್ಟರೆ ಪೊರೆ ನೀರು ಹೀರಿ ಊದಿಕೊಳ್ಳುತ್ತದೆ. ಸತ್ತ ಕೋಶಗಳು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ ಅಂತ ಸುಮ್ನೆ ಕೂರಬಾರದು. ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಹನುಮಪ್ಪನ ಗುಡಿಯ ಮುಂದೆ ಹಾರ ಕಟ್ಟುವ ಅಕ್ಕಂದಿರು ಇದನ್ನು ಬಲ್ಲರು. ಕೈ ತೊಳೆಯದೆ ಮುಖ ಒರೆಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕೇಳಿ ಹಾಲಿನ ಔಷಧಿ ಎಲ್ಲ ಇಲಿ, ಹ್ಯಾಮ್‌ಸ್ಟರ್‌ಗಳಿಗೆ ಮಾತ್ರ ಅನಿಸಬಹುದು. ಒಂದು ದೊಡ್ಡ ಅಪವಾದ ಇದೆ, ಅದು ಕ್ಷಾರಸೂತ್ರ. ಗುದದ್ವಾರದ ಪಕ್ಕ ಕೀವು ಸೋರುವ ನಾಳವಾಗುವ ಭಗಂದರ ರೋಗಕ್ಕೆ ಆಯುರ್ವೇದದ ಚಿಕಿತ್ಸೆ. ನಾರಿನ ದಾರಕ್ಕೆ 21 ಸಲ ಲೇಪನ ಕೊಡುತ್ತಾರೆ. ಮೊದಲ 11 ಲೇಪನ ಎಲೆಗಳ್ಳಿಯ ಹಾಲಿನದು. ಆಮೇಲೆ 7 ಹಾಲು ಮತ್ತು ಉತ್ತರಾಣಿ ಕ್ಷಾರದ್ದು, ಕೊನೆಯ 3 ಹಾಲು ಮತ್ತು ಅರಿಶಿನದ್ದು. ಈ ದಾರವನ್ನು ಭಗಂದರದ ನಾಳದಲ್ಲಿ ಪೋಣಿಸಿ ಕಟ್ಟುತ್ತಾರೆ. ಅದು ನಿಧಾನವಾಗಿ ಕತ್ತರಿಸುತ್ತ, ಹಿಂದಿನಿಂದ ಮಾಯಿಸುತ್ತ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಎದುರು ಇಟ್ಟು ಪರೀಕ್ಷಿಸಿತು. 1991ರಲ್ಲಿ ಫಲಿತಾಂಶ ಬಂತು. ಮಾಯಲು ದಾರಕ್ಕೆ 8 ವಾರ, ಶಸ್ತ್ರಚಿಕಿತ್ಸೆಗೆ 4 ವಾರ. ಆದರೆ ರೋಗ ಮರುಕಳಿಸಿದ್ದು ದಾರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11.

ಇದು ಮನುಷ್ಯರ ಮೇಲೆ, ಎದುರು ಗುಂಪು ಇಟ್ಟುಕೊಂಡು ಮಾಡಿದ ಪರೀಕ್ಷೆ. ಗೌರವ ಕೊಡಲೇಬೇಕು. ಆದರೆ ಗೆದ್ದದ್ದು ದಾರ. ಕಳ್ಳಿ ಹಾಲಿನಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ ನಿಜ. ಅದರ ಜೊತೆ ಚರ್ಮ ಸುಡುವ ಅಂಟು ಇದೆ, ಕ್ಷಾರ ಇದೆ, ಅರಿಶಿನ ಇದೆ, ಬಿಗಿದು ಕಟ್ಟಿದ ದಾರದ ಒತ್ತಡವೇ ಇದೆ. ಇದರಲ್ಲಿ ಯಾರ ಪಾಲು ಎಷ್ಟು ಅಂತ ಆ ಪರೀಕ್ಷೆ ಕೇಳಲಿಲ್ಲ. ಕೇಳುವ ಅಗತ್ಯವೂ ಆಗ ಇರಲಿಲ್ಲ, ರೋಗಿಗೆ ಬೇಕಿದ್ದದ್ದು ಗುಣ.

ನಮ್ಮ ಕಡೆಯ ರೈತರಿಗೆ ಇದರಲ್ಲಿ ಏನಿದೆ? ಎಕ್ಕಿ ಹಾಲು ಮಾರಿ ದುಡ್ಡು ಮಾಡಬಹುದು ಅಂತ ಯಾರಾದರೂ ಬಂದರೆ ನಾನಂತೂ ದೂರ ಇರುತ್ತೇನೆ. ಕೊಳ್ಳುವ ಔಷಧಿಯೇ ಇನ್ನೂ ಹುಟ್ಟಿಲ್ಲ. ಪಪೈನ್ ಮಾತು ಬೇರೆ. ಅದಕ್ಕೆ ಮಾರುಕಟ್ಟೆ ಇದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಪಪೈನಿಗೆಂದೇ ಸಿಒ 5ನಂಥ ತಳಿ ಕೊಟ್ಟಿದೆ. ಕಾಯಿ ಕಟ್ಟಿದ ಮೂರು ತಿಂಗಳ ಒಳಗೆ, ಬೆಳಗಿನ ತಂಪಿನಲ್ಲಿ, ಹಸಿರು ಕಾಯಿಯ ಮೇಲೆ ಎರಡು ಮೂರು ಮಿಲಿಮೀಟರ್ ಆಳದ ನಾಲ್ಕು ಗೀರು ಎಳೆಯುತ್ತಾರೆ. ಕಬ್ಬಿಣ ಮುಟ್ಟಿಸುವಂತಿಲ್ಲ, ಕಿಣ್ವ ಕೆಡುತ್ತದೆ. ಮೂರು ನಾಲ್ಕು ದಿನ ಬಿಟ್ಟು ಮತ್ತೆ ಗೀರು. ಹಾಲನ್ನು 50ರಿಂದ 55 ಡಿಗ್ರಿ ಶಾಖದಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಗೀರು ಬಿದ್ದ ಕಾಯಿ ಅಂಗಡಿಯಲ್ಲಿ ಚೆಂದ ಕಾಣುವುದಿಲ್ಲ, ಟೂಟಿ ಫ್ರೂಟಿಗೆ ಹೋಗುತ್ತದೆ. ಹಣ್ಣಿಗೆ ಒಳ್ಳೆ ರೇಟು ಇದ್ದ ವರ್ಷ ಯಾರು ಈ ಕೆಲಸ ಮಾಡುತ್ತಾರೆ? ಅಲ್ಲದೆ ಹೀಗೆ ಒಣಗಿಸಿದ ಪುಡಿ ಹೆಚ್ಚಾಗಿ ಹೋಗುವುದು ಆಹಾರ, ಚರ್ಮದ ಕಾರ್ಖಾನೆಗಳಿಗೆ. ಔಷಧಿಗೆ ಬೇಕಾದ ಶುದ್ಧಿ ಇನ್ನೂ ಹತ್ತು ಮೆಟ್ಟಿಲು ಮೇಲಿದೆ.

ಸಂಶೋಧನೆಯಲ್ಲಿ ಮಾತ್ರ ನಮಗೆ ಒಂದು ಅನುಕೂಲ ಇದೆ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ. ನನ್ನನ್ನು ಕೇಳಿದರೆ ಕೆಲಸ ಪಶುಗಳಿಂದ ಶುರುವಾಗಬೇಕು. ದೇವಣಿ ಎತ್ತಿನ ಹೆಗಲು ನೊಗಕ್ಕೆ ಉಜ್ಜಿ ಹುಣ್ಣಾಗುತ್ತದೆ. ಗಾಯದ ಮೇಲ್ಮೈ ಕಣ್ಣಿಗೆ ಕಾಣುತ್ತದೆ, ದಿನವೂ ಅಳೆಯಬಹುದು. ಸತ್ತ ಚರ್ಮ ತೆಗೆಯುವ ಕಿಣ್ವಕ್ಕೆ ಇದಕ್ಕಿಂತ ನೇರ ಪರೀಕ್ಷೆ ಬೇಕೇ? ಯಾವುದಾದರೂ ಕಂಪನಿ ಬಂದು ನಮ್ಮ ಗಿಡ, ನಮ್ಮ ತಿಳಿವಳಿಕೆ ತೆಗೆದುಕೊಂಡು ಔಷಧಿ ಮಾಡಿದರೆ ಲಾಭದಲ್ಲಿ ಪಾಲು ಕೇಳಲು 2002ರ ಜೀವವೈವಿಧ್ಯ ಕಾಯ್ದೆ ಇದೆ. ಆದರೆ ಪಾಲು ಕೇಳುವವರ ಹತ್ತಿರ ಬರಹದಲ್ಲಿ ಏನಾದರೂ ಇರಬೇಕಲ್ಲ. ಆಯಿಯಂಥವರು ಹೇಳಿದ್ದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಬಂದಿರಬೇಕು.

ಕೂಳೆ ಮುಳ್ಳಿನ ಪ್ರಶ್ನೆಗೆ ಮರಳಿ ಬಂದರೆ, ಅದನ್ನು ಬಿಡಿಸಲು ದೊಡ್ಡ ಯಂತ್ರ ಬೇಡ. ಎಕ್ಕಿ ಹಾಲನ್ನು ನಾಲ್ಕು ಭಾಗ ಮಾಡಬೇಕು. ಒಂದು ಹಾಗೇ ಇರಲಿ. ಇನ್ನೊಂದನ್ನು ಕುದಿಸಬೇಕು, ಕಿಣ್ವ ಬೆಂದು ಹೋಗುತ್ತದೆ, ಗ್ಲೈಕೋಸೈಡ್ ಬಹುಪಾಲು ಉಳಿಯುತ್ತದೆ. ಮೂರನೆಯದಕ್ಕೆ ಜಪಾನಿನವರು ಎಲೆಗೆ ಸವರಿದ ಹಾಗೆ ಕಿಣ್ವ ಕಟ್ಟಿಹಾಕುವ ರಾಸಾಯನಿಕ ಬೆರೆಸಬೇಕು. ನಾಲ್ಕನೆಯದನ್ನು ರಂಧ್ರದ ಚೀಲದಲ್ಲಿ ತೊಳೆದು ಪ್ರೋಟೀನ್ ಮಾತ್ರ ಉಳಿಸಿಕೊಳ್ಳಬೇಕು. ಕಸಾಯಿಖಾನೆಯಿಂದ ತಂದ ಚರ್ಮದ ತುಂಡುಗಳಲ್ಲಿ ಒಂದೇ ಆಳಕ್ಕೆ ಮುಳ್ಳು ಚುಚ್ಚಿ, ನಾಲ್ಕನ್ನೂ ಬೇರೆ ಬೇರೆ ಹಚ್ಚಿ, ಮಾರನೇ ದಿನ ಮುಳ್ಳು ಎಳೆಯಲು ಎಷ್ಟು ಬಲ ಬೇಕು ಅಂತ ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಬೇಕು. ಹಸಿ ಹಾಲಿನಲ್ಲೂ ತೊಳೆದ ಪ್ರೋಟೀನಿನಲ್ಲೂ ಮುಳ್ಳು ಸಡಿಲಾಗಿ, ಉಳಿದೆರಡರಲ್ಲಿ ಬಿಗಿಯಾಗಿಯೇ ಇದ್ದರೆ, ಸಡಿಲಿಸಿದ್ದು ಪ್ರೋಟೀನೇ ಅಂತಾಯಿತು. ನಾಲ್ಕರಲ್ಲೂ ಒಂದೇ ಬಲ ಬೇಕಾದರೆ ಆ ದಿನ ನನ್ನ ಕಾಲಿನ ಮುಳ್ಳನ್ನು ಹೊರಗೆ ತಳ್ಳಿದ್ದು ನನ್ನದೇ ಕೀವು.